ಗ್ರೇಟ್ ಓಷನ್ ರೋಡ್: ಕಡಲನ್ನು ಎಡಗಡೆ ಇಟ್ಟುಕೊಂಡು ಮೂರು ದಿನ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಟಾರ್ಕಿಯಿಂದ ಅಲನ್ಸ್‌ಫರ್ಡ್‌ವರೆಗೆ 243 ಕಿ.ಮೀ. ಹಬ್ಬಿರುವ ಗ್ರೇಟ್ ಓಷನ್ ರೋಡನ್ನು ಮೆಲ್ಬರ್ನ್‌ಗೆ ಬಂದ ನಮ್ಮವರು ಒಂದೇ ದಿನದಲ್ಲಿ ಮುಗಿಸಲು ಹೊರಡುವುದುಂಟು. ಬೆಳಿಗ್ಗೆ ಆರಕ್ಕೆ ಬಿಟ್ಟು ರಾತ್ರಿ ಹತ್ತಕ್ಕೆ ಮನೆ ಸೇರುವ ಆ ಲೆಕ್ಕದಲ್ಲಿ ಹೋಗಿಬರುವ ದೂರವೇ 500 ಕಿ.ಮೀ. ದಾಟುತ್ತದೆ. ಹನ್ನೆರಡು ಅಪೋಸ್ತಲರು (ಟ್ವೆಲ್ವ್ ಅಪೋಸಲ್ಸ್) ಎಂದು ಕರೆಯುವ, ಕಡಲಲ್ಲಿ ಎದ್ದು ನಿಂತ ಬಂಡೆಗಳ ಮುಂದೆ ಟೂರಿಸ್ಟ್ ಬಸ್ಸುಗಳೆಲ್ಲ ನಿಂತಿರುವ ನಡುಮಧ್ಯಾಹ್ನವೇ ತಲುಪುತ್ತಾರೆ. ವಾಪಸು ಬರುವಾಗ ಕತ್ತಲು, ಆಯಾಸ, ರಸ್ತೆಗೆ ಅಡ್ಡ ಬರುವ ಕಾಂಗರೂ. ಈ ದಾರಿಗೆ ಎರಡು ರಾತ್ರಿಯನ್ನಾದರೂ ಕೊಡಿ. ಅಷ್ಟು ಬಿಡುವಿಲ್ಲದಿದ್ದರೆ ದಾರಿಯ ಮೊದಲ ಭಾಗದಲ್ಲೇ ಸಿಗುವ ಲಾರ್ನ್ ಊರಿನವರೆಗೆ ಮಾತ್ರ ಹೋಗಿ ನೆಮ್ಮದಿಯಾಗಿ ಹಿಂತಿರುಗುವುದು ಮೇಲು.

ಭಾರತದಲ್ಲಿ ಕಾರು ಓಡಿಸಿದವರಿಗೆ ವಿದೇಶದಲ್ಲಿ ಇದಕ್ಕಿಂತ ಅನುಕೂಲದ ಕಡಲ ದಾರಿ ಸಿಗುವುದು ಕಷ್ಟ. ಅಲ್ಲೂ ಎಡಗಡೆಯೇ ಓಡಿಸಬೇಕು, ಸ್ಟಿಯರಿಂಗ್ ಬಲಗಡೆಯೇ ಇರುತ್ತದೆ. ಜಪಾನಿ ಮತ್ತು ಕೊರಿಯನ್ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿಯೂ ನಮ್ಮಲ್ಲಿರುವ ಹಾಗೆ ಬಲಕ್ಕೇ ಇರುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿ ಬಲಗಡೆ ಓಡಿಸುವುದು ರೂಢಿಯಾದ ಕನ್ನಡಿಗರು ಮಾತ್ರ ಎಚ್ಚರದಿಂದಿರಬೇಕು. ಕೈ ತಪ್ಪುವುದು ಹೆಚ್ಚಾಗಿ ಖಾಲಿ ರಸ್ತೆಯಲ್ಲಿ, ಫೋಟೋಗೆಂದು ನಿಲ್ಲಿಸಿ ಮತ್ತೆ ಹೊರಡುವ ಗಳಿಗೆಯಲ್ಲಿ. ಆ ಕಾರಣಕ್ಕೇ ಈ ರಸ್ತೆಯಲ್ಲಿ ಎಡಕ್ಕೆ ಓಡಿಸಿ ಎಂಬ ಫಲಕಗಳನ್ನೂ ಬಾಣದ ಗುರುತುಗಳನ್ನೂ ಹಾಕಿದ್ದಾರೆ.

ಮೆಲ್ಬರ್ನ್ ಕಡೆಯಿಂದ ಪಶ್ಚಿಮಕ್ಕೆ ಹೋದರೆ ಕಡಲು ನಿಮ್ಮ ಎಡಕ್ಕೆ, ನೀವಿರುವ ಲೇನಿನ ಪಕ್ಕದಲ್ಲೇ ಇರುತ್ತದೆ. ನಿಲ್ಲುವ ತಾಣಗಳಿಗೆ ಎದುರಿನ ವಾಹನಗಳನ್ನು ದಾಟದೆ ನೇರ ಇಳಿಯಬಹುದು. ಅಡಿಲೇಡ್ ಕಡೆಯಿಂದ ಬಂದರೆ ಪ್ರತಿ ಸಲವೂ ತಿರುವಿನ ಮರೆಯಿಂದ ಬರುವ ಗಾಡಿಗಳಿಗೆ ಅಡ್ಡವಾಗಿ ಬಲಕ್ಕೆ ತಿರುಗಬೇಕಾಗುತ್ತದೆ. ಆಯ್ಕೆ ನಿಮ್ಮ ಕೈಲಿದ್ದರೆ ಪೂರ್ವದಿಂದ ಪಶ್ಚಿಮಕ್ಕೇ ಹೋಗಿ.

ಲೈಸೆನ್ಸ್, ಕಾರು, ಮಕ್ಕಳ ಸೀಟು

ಪ್ರವಾಸಿ ವೀಸಾದಲ್ಲಿ ಹೋದವರು ವಿಕ್ಟೋರಿಯಾದಲ್ಲಿ ಇಂಗ್ಲಿಷಿನಲ್ಲಿರುವ ಭಾರತೀಯ ಲೈಸೆನ್ಸ್ ಇಟ್ಟುಕೊಂಡು ಓಡಿಸಬಹುದು. ಮೂಲ ಕಾರ್ಡೇ ಕೈಲಿರಬೇಕು, ಫೋನಿನಲ್ಲಿರುವ ಡಿಜಿಲಾಕರ್ ಪ್ರತಿಯನ್ನು ನಂಬಿ ಹೋಗಬೇಡಿ. ಕೆಲವು ಬಾಡಿಗೆ ಕಂಪನಿಗಳು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಕೇಳುತ್ತವೆ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕೊಟ್ಟರೆ ನಿಮ್ಮ ಆರ್‌ಟಿಒ ಕಚೇರಿ ಅದನ್ನು ಕೊಡುತ್ತದೆ. ಒಂದು ವರ್ಷ ಊರ್ಜಿತ. ಅದೊಂದೇ ಇದ್ದರೆ ಪ್ರಯೋಜನವಿಲ್ಲ, ಮೂಲ ಲೈಸೆನ್ಸ್ ಜೊತೆಗಿರಬೇಕು.

ಕಾರು ಕಾಯ್ದಿರಿಸುವಾಗ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ, ಠೇವಣಿ ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಇಬ್ಬರು ಓಡಿಸುವುದಿದ್ದರೆ ಎರಡನೆಯವರ ಹೆಸರನ್ನೂ ಒಪ್ಪಂದದಲ್ಲಿ ಸೇರಿಸಿ. ಇಲ್ಲವಾದರೆ ಅವರು ಓಡಿಸುವಾಗ ಆದ ಹಾನಿಗೆ ವಿಮೆ ಬರುವುದಿಲ್ಲ. ವಿಮೆಯ ಸಣ್ಣ ಅಕ್ಷರದಲ್ಲಿ ಮೂರು ವಿಷಯ ಹುಡುಕಿ: ಮಣ್ಣಿನ ರಸ್ತೆಗೆ ಇಳಿದರೆ ವಿಮೆ ಉಂಟೇ, ರಾತ್ರಿ ಪ್ರಾಣಿಗೆ ಡಿಕ್ಕಿಯಾದರೆ ಉಂಟೇ, ಗಾಜು ಮತ್ತು ಟೈರಿಗೆ ಉಂಟೇ. ಮೊದಲನೆಯದಕ್ಕೆ ಸಾಮಾನ್ಯವಾಗಿ ಇಲ್ಲ ಎಂಬುದೇ ಉತ್ತರ. ಈ ದಾರಿಯ ಕೆಲವು ಪಕ್ಕದ ರಸ್ತೆಗಳು ಮಣ್ಣಿನವೇ ಆದ್ದರಿಂದ ಇದು ನಿಜಕ್ಕೂ ಎದುರಾಗುವ ಪ್ರಶ್ನೆ.

ಏಳು ವರ್ಷದೊಳಗಿನ ಮಕ್ಕಳಿಗೆ ಅಲ್ಲಿನ ಮಾನ್ಯತೆ ಇರುವ ಸೀಟು ಕಡ್ಡಾಯ. ಆರು ತಿಂಗಳವರೆಗೆ ಹಿಂದಕ್ಕೆ ಮುಖ ಮಾಡಿದ ಸೀಟು, ನಾಲ್ಕು ವರ್ಷದವರೆಗೆ ಬೆಲ್ಟ್ ಕಟ್ಟು ಸೀಟಿನಲ್ಲೇ ಇರುವಂಥದ್ದು, ನಾಲ್ಕರಿಂದ ಏಳರವರೆಗೆ ಮುಂದಕ್ಕೆ ಮುಖ ಮಾಡಿದ ಸೀಟು ಅಥವಾ ಬೂಸ್ಟರ್. ಮಡಿಲಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ. ಊರಿನಿಂದ ಒಯ್ದ ಸೀಟಿಗೆ ಅಲ್ಲಿನ ಮಾನ್ಯತೆ ಇರುವುದಿಲ್ಲವಾದ್ದರಿಂದ ಕಾರಿನ ಜೊತೆಗೇ ಕಾಯ್ದಿರಿಸಿ.

ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ದಿನವೇ ಹೊರಡಬೇಡಿ. ಒಂದು ರಾತ್ರಿ ನಿದ್ದೆ ಮಾಡಿ, ಮಾರನೆಯ ದಿನ ವಿಮಾನ ನಿಲ್ದಾಣದಿಂದಲೇ ಕಾರು ತೆಗೆದುಕೊಳ್ಳುವುದು ಜಾಣತನ. ಅಲ್ಲಿಂದ ಎಂ80 ವರ್ತುಲ ರಸ್ತೆ ಹಿಡಿದರೆ ಜೀಲಾಂಗ್ ಕಡೆಯ ಎಂ1 ಹೆದ್ದಾರಿ ಸೇರುವವರೆಗೆ ಟೋಲ್ ಇಲ್ಲ, ನಗರದ ನಡುವೆ ನುಗ್ಗಬೇಕಾಗಿಯೂ ಇಲ್ಲ. ನಗರ ಮಧ್ಯದಲ್ಲಿ ಟ್ರಾಮ್‌ಗಳಿರುತ್ತವೆ. ಟ್ರಾಮ್ ನಿಂತು ಬಾಗಿಲು ತೆರೆದಾಗ ಹಿಂದೆಯೇ ನಿಲ್ಲಬೇಕು. ಕೆಲವು ಕೂಡುರಸ್ತೆಗಳಲ್ಲಿ ಬಲಕ್ಕೆ ತಿರುಗಲು ಎಡ ಲೇನಿನಲ್ಲಿ ಕಾಯಬೇಕು. ಹೊಸಬರಿಗೆ ಮೊದಲ ದಿನವೇ ಈ ತಾಪತ್ರಯ ಬೇಡ. ನಗರದ ಟೋಲ್ ರಸ್ತೆಯಾದ ಸಿಟಿಲಿಂಕ್ ಹಿಡಿದರೆ ದುಡ್ಡು ಕಟ್ಟುವ ಬೂತು ಎಲ್ಲೂ ಕಾಣುವುದಿಲ್ಲ. ಕ್ಯಾಮೆರಾ ನಂಬರ್ ಓದಿಕೊಳ್ಳುತ್ತದೆ, ಬಾಡಿಗೆ ಕಂಪನಿ ಆಮೇಲೆ ತನ್ನ ಸೇವಾ ಶುಲ್ಕ ಸೇರಿಸಿ ಕಾರ್ಡಿನಿಂದ ಕಡಿತ ಮಾಡುತ್ತದೆ.

ಮ್ಯಾಪ್ ಮಾಡುವ ಎಡವಟ್ಟು

ಫೋನಿನಲ್ಲಿ ಟ್ವೆಲ್ವ್ ಅಪೋಸಲ್ಸ್ ಎಂದು ಹಾಕಿ ಹೊರಟರೆ ಮ್ಯಾಪ್ ನಿಮ್ಮನ್ನು ಕೊಲಾಕ್ ಮೂಲಕ ಒಳನಾಡಿನ ಹೆದ್ದಾರಿಯಲ್ಲಿ ಕರೆದೊಯ್ಯುತ್ತದೆ, ಏಕೆಂದರೆ ಅದು ಬೇಗ ಮುಟ್ಟುವ ದಾರಿ. ಹುಲ್ಲುಗಾವಲು ಮತ್ತು ದನಗಳನ್ನು ನೋಡುತ್ತಾ ಎರಡೂವರೆ ಗಂಟೆ ಕಳೆದ ಮೇಲೆ, ಕಡಲು ಎಲ್ಲಿ ಎಂಬ ಪ್ರಶ್ನೆ ಕಾರಿನಲ್ಲಿ ಏಳುತ್ತದೆ. ಹೀಗಾಗದಿರಲು ಊರಿನಿಂದ ಊರಿಗೆ ದಾರಿ ಹಾಕಿ: ಮೊದಲು ಟಾರ್ಕಿ, ಆಮೇಲೆ ಲಾರ್ನ್, ಆಮೇಲೆ ಅಪೋಲೊ ಬೇ. ರಸ್ತೆ ಫಲಕದಲ್ಲಿ ಬಿ100 ಎಂದು ಕಾಣುತ್ತಿದ್ದರೆ ಸರಿಯಾದ ದಾರಿಯಲ್ಲೇ ಇದ್ದೀರಿ. ಅಪೋಲೊ ಬೇ ಆಚೆಯ ಆಟ್ವೇ ಕಾಡಿನಲ್ಲಿ ಸಿಗ್ನಲ್ ಹೋಗುತ್ತದೆ, ಆದ್ದರಿಂದ ಇಡೀ ಪ್ರದೇಶದ ಮ್ಯಾಪನ್ನು ವೈಫೈ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಸಿಮ್ ಕೊಳ್ಳುವುದಾದರೆ ಹಳ್ಳಿಗಾಡಿನಲ್ಲಿ ಟೆಲ್‌ಸ್ಟ್ರಾ ಜಾಲದ ವ್ಯಾಪ್ತಿ ಹೆಚ್ಚು.

ಮೊದಲ ದಿನ: ಟಾರ್ಕಿಯಿಂದ ಅಪೋಲೊ ಬೇ

ಮೆಲ್ಬರ್ನ್‌ನಿಂದ ಟಾರ್ಕಿಗೆ ನೂರು ಕಿ.ಮೀ., ಒಂದೂಕಾಲು ಗಂಟೆ. ಇಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಇದೆ. ಮುಂದಿನ ಊರುಗಳಲ್ಲಿ ಅಂಗಡಿ ಚಿಕ್ಕದು, ಬೆಲೆ ಹೆಚ್ಚು. ಮೂರು ದಿನದ ಸಾಮಾನು ಇಲ್ಲೇ ಕೊಂಡು ಪೆಟ್ರೋಲ್ ತುಂಬಿಸಿ. ಪೆಟ್ರೋಲ್ ನೀವೇ ಹಾಕಿಕೊಂಡು, ಒಳಗೆ ಹೋಗಿ ಪಂಪಿನ ನಂಬರ್ ಹೇಳಿ ಹಣ ಕೊಡಬೇಕು. ಯಾವ ಇಂಧನ ಎಂಬುದು ಟ್ಯಾಂಕ್ ಮುಚ್ಚಳದ ಒಳಗೆ ಬರೆದಿರುತ್ತದೆ, ಓದದೆ ನಳಿಕೆ ಎತ್ತಬೇಡಿ.

ಟಾರ್ಕಿ ದಾಟಿದ ಕೂಡಲೇ ಬೆಲ್ಸ್ ಬೀಚ್‌ಗೆ ತಿರುವು ಸಿಗುತ್ತದೆ. 1962ರಿಂದ ಸರ್ಫಿಂಗ್ ಸ್ಪರ್ಧೆ ನಡೆಯುತ್ತಿರುವ ಜಾಗವಿದು. ಈಸ್ಟರ್ ವಾರದಲ್ಲಿ ಆ ಸ್ಪರ್ಧೆಯ ಜನಜಂಗುಳಿ ಇರುತ್ತದೆ. ಮುಂದೆ ಏರೀಸ್ ಇನ್ಲೆಟ್‌ನಲ್ಲಿ 1891ರ ಬಿಳಿ ದೀಪಸ್ತಂಭವಿದೆ. ಅದು ದಾಟಿದ ಮೇಲೆ ಈಸ್ಟರ್ನ್ ವ್ಯೂ ಬಳಿ ರಸ್ತೆಯ ಮೇಲೆಯೇ ಮರದ ಕಮಾನು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಮಡಿದ ಸಂಗಾತಿಗಳ ನೆನಪಿಗೆ 1919ರಿಂದ 1932ರವರೆಗೆ ಗುದ್ದಲಿ, ಸಲಿಕೆ, ಸಿಡಿಮದ್ದು ಹಿಡಿದು ಕಡಿದ ರಸ್ತೆ ಇದು. ಇಡೀ ರಸ್ತೆಯೇ ಯುದ್ಧ ಸ್ಮಾರಕ. ಇಲ್ಲಿ ಫೋಟೋಗೆಂದು ಜನ ರಸ್ತೆ ಮಧ್ಯಕ್ಕೆ ಇಳಿಯುತ್ತಾರೆ, ಆ ತಪ್ಪು ಮಾಡಬೇಡಿ. ಪಕ್ಕದ ಪಾರ್ಕಿಂಗ್‌ನಿಂದಲೇ ಕಮಾನು ಚೆನ್ನಾಗಿ ಕಾಣುತ್ತದೆ.

ಲಾರ್ನ್‌ನಲ್ಲಿ ಊಟಕ್ಕೆ ನಿಲ್ಲಿ. ಊರ ಮೇಲಿನ ಟೆಡ್ಡೀಸ್ ಲುಕೌಟ್‌ಗೆ ಹತ್ತಿದರೆ ನದಿ ಕಡಲಿಗೆ ಸೇರುವುದೂ ಅದರ ಅಂಚಿನಲ್ಲಿ ರಸ್ತೆ ಬಳುಕಿ ಹೋಗುವುದೂ ಒಟ್ಟಿಗೆ ಕಾಣುತ್ತವೆ. ಅರ್ಸ್ಕಿನ್ ಜಲಪಾತ ಹತ್ತು ಕಿ.ಮೀ. ಒಳಗೆ. ಜೋಗ ನೋಡಿ ಬೆಳೆದವರಿಗೆ ಮೂವತ್ತು ಮೀಟರಿನ ಆ ನೀರು ಕಿರಿದೆನ್ನಿಸೀತು. ಹೊತ್ತು ಕಡಿಮೆಯಿದ್ದರೆ ಅದನ್ನು ಬಿಟ್ಟು ಟೆಡ್ಡೀಸ್‌ಗೆ ಹೋಗಿ.

ಲಾರ್ನ್‌ನಿಂದ ಅಪೋಲೊ ಬೇಗೆ 45 ಕಿ.ಮೀ. ಮಾತ್ರ, ಆದರೆ ನಿಲ್ಲದೆ ಹೋದರೂ ಒಂದು ಗಂಟೆ. ಇಡೀ ಪ್ರವಾಸದ ಜೀವಾಳ ಈ ತುಂಡು. ಬಲಕ್ಕೆ ಕಡಿದಾದ ಬಂಡೆ, ಎಡಕ್ಕೆ ತಡೆಗೋಡೆಯಾಚೆ ನೇರ ಕಡಲು, ನಡುವೆ ಎರಡೇ ಲೇನು. ಚಾರ್ಮಾಡಿಯಲ್ಲಿ ಓಡಿಸಿದವರಿಗೆ ತಿರುವುಗಳು ಹೊಸದಲ್ಲ, ಆದರೆ ಇಲ್ಲಿ ತಿರುವಿಗೊಂದು ಹಾರ್ನ್ ಹೊಡೆಯುವ ಪದ್ಧತಿ ಇಲ್ಲ. ಎದುರಿನವರು ತಮ್ಮ ಲೇನಿನಲ್ಲೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಎಲ್ಲರೂ ಓಡಿಸುತ್ತಾರೆ. ಕಡಲು ನೋಡುತ್ತಾ ಚಾಲಕರ ಕಣ್ಣು ಎಡಕ್ಕೆ ಹೋದರೆ ಗಾಡಿ ನಡುಗೆರೆಯ ಕಡೆಗೋ ಅಂಚಿಗೋ ಸರಿಯುತ್ತದೆ. ನೋಡಬೇಕೆನಿಸಿದರೆ ನಿಲ್ಲಿಸಿ ನೋಡಿ, ಐದಾರು ನಿಮಿಷಕ್ಕೊಂದು ತಾಣ ಸಿಗುತ್ತದೆ.

ಕೆಂಪು ವೃತ್ತದೊಳಗಿನ ಅಂಕಿ ಕಾನೂನಿನ ಮಿತಿ, ಹಳದಿ ಫಲಕದ ಅಂಕಿ ಆ ತಿರುವಿಗೆ ತಕ್ಕ ವೇಗ. ಮಿತಿ 80 ಇದ್ದರೂ ಹಳದಿ ಫಲಕ 35 ಎಂದರೆ 35ಕ್ಕೇ ಇಳಿಸಿ. ಊರೊಳಗೆ 50 ಅಥವಾ 60. ಹಿಂದೆ ಮೂರು ನಾಲ್ಕು ಗಾಡಿ ಸಾಲುಗಟ್ಟಿದರೆ, ನಿಧಾನ ವಾಹನಗಳು ಸರಿದು ನಿಲ್ಲಲು ಮಾಡಿದ ಜಾಗ ಸಿಕ್ಕ ಕೂಡಲೇ ಎಡಕ್ಕೆ ಇಂಡಿಕೇಟರ್ ಹಾಕಿ ಅವರನ್ನು ಬಿಟ್ಟುಬಿಡಿ. ಸ್ಥಳೀಯರಿಗೆ ಅದು ಕೆಲಸಕ್ಕೆ ಹೋಗುವ ದಾರಿ, ನಿಮಗೂ ಬೆನ್ನ ಹಿಂದಿನ ಒತ್ತಡ ಇಳಿಯುತ್ತದೆ. ನಿಮ್ಮ ಕಡೆಗೆ ಅಖಂಡ ಬಿಳಿ ಗೆರೆ ಇದ್ದಲ್ಲಿ ಓವರ್‌ಟೇಕ್ ಬೇಡ. ದೀಪ ಮಿನುಗಿಸುತ್ತಾ ನಿಂತ ಪೊಲೀಸ್ ಅಥವಾ ಆಂಬುಲೆನ್ಸ್ ವಾಹನವನ್ನು 40ಕ್ಕೆ ಇಳಿಸಿ ದಾಟಬೇಕು. ವೃತ್ತಾಕಾರದ ಕೂಡುರಸ್ತೆಯಲ್ಲಿ ಆಗಲೇ ಒಳಗಿರುವವರಿಗೆ ದಾರಿ ಬಿಡಬೇಕು. ಸ್ಟಾಪ್ ಎಂದು ಬರೆದಲ್ಲಿ ಯಾರೂ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಫೋನನ್ನು ಹಿಡಿಕೆಯಲ್ಲಿ ಕೂರಿಸಿ ದಾರಿ ನೋಡಬಹುದು, ಓಡಿಸುವಾಗ ಕೈಗೆತ್ತಿಕೊಂಡರೆ ದೊಡ್ಡ ದಂಡ.

ವಾಂತಿಯ ತೊಂದರೆ ಇರುವವರಿಗೆ ಲಾರ್ನ್‌ನಲ್ಲಿ ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡಿ, ತಿರುವು ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಹಿಂದೆ ಕೂತು ಫೋನ್ ನೋಡುವ ಮಕ್ಕಳಿಗೆ ಇದು ಬೇಗ ಬರುತ್ತದೆ.

ಕೆನೆಟ್ ರಿವರ್‌ನಲ್ಲಿ ಕೋಆಲಾ ಸಿಗುತ್ತದೆ. ಅಂಗಡಿಯ ಪಕ್ಕದಿಂದ ಮೇಲೇರುವ ಗ್ರೇ ರಿವರ್ ರಸ್ತೆ ಮಣ್ಣಿನದು, ಆದ್ದರಿಂದ ಕಾರನ್ನು ಕೆಳಗೇ ನಿಲ್ಲಿಸಿ ನಡೆಯಿರಿ. ನೆಲ ನೋಡಬೇಡಿ, ನೀಲಗಿರಿ ಮರಗಳ ಕವಲುಗಳನ್ನು ಒಂದೊಂದಾಗಿ ಗಮನಿಸಿ. ಬೂದು ಬಣ್ಣದ ಗಂಟಿನಂತೆ ಕೊಂಬೆಯ ಸಂದಿನಲ್ಲಿ ಕುಳಿತು, ಬಹುಪಾಲು ನಿದ್ದೆಯಲ್ಲೇ ಇರುತ್ತದೆ. ಮರ ಅಲುಗಾಡಿಸುವುದು, ಕೂಗುವುದು ಬೇಡ. ಗಿಳಿಗಳು ತಲೆ, ಭುಜದ ಮೇಲೆ ಬಂದು ಕೂರಬಹುದು, ಆದರೆ ಕಾಳು ಹಾಕಬೇಡಿ. ಜನ ಹಾಕುವ ತಿನಿಸಿನಿಂದ ಅವುಗಳಿಗೆ ಕಾಯಿಲೆ ಹರಡುತ್ತದೆ.

ಕೇಪ್ ಪ್ಯಾಟನ್ ತಾಣದಲ್ಲಿ ಕೊನೆಯ ಸಲ ನಿಂತು, ಬೆಳಕಿರುವಾಗಲೇ ಅಪೋಲೊ ಬೇ ಸೇರಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ, ಜೂನ್‌ನಲ್ಲಿ ಸಂಜೆ ಐದೂಕಾಲಿಗೇ. ಕತ್ತಲಾಗುವ ಮತ್ತು ಬೆಳಗಾಗುವ ಹೊತ್ತಿನಲ್ಲೇ ಕಾಂಗರೂ, ಅದರ ಚಿಕ್ಕ ಜಾತಿಯ ವಾಲಬಿಗಳು ರಸ್ತೆಗೆ ಬರುವುದು ಹೆಚ್ಚು. ಎದುರಾದರೆ ಸ್ಟಿಯರಿಂಗ್ ತಿರುಗಿಸಬೇಡಿ. ನೇರವಾಗಿಯೇ ಬ್ರೇಕ್ ಒತ್ತಿ. ಪ್ರಾಣಿಯನ್ನು ತಪ್ಪಿಸಲು ಹೋಗಿ ಎದುರಿನ ಲೇನಿಗೋ ಮರಕ್ಕೋ ನುಗ್ಗಿದಾಗಲೇ ಜೀವಹಾನಿಯಾಗುವುದು.

ತಂಗುವುದು, ಉಣ್ಣುವುದು

ಮೊದಲ ರಾತ್ರಿ ಅಪೋಲೊ ಬೇ, ಎರಡನೆಯದು ಪೋರ್ಟ್ ಕ್ಯಾಂಬೆಲ್. ಹಾಲಿಡೇ ಪಾರ್ಕ್‌ಗಳ ಕ್ಯಾಬಿನ್‌ಗಳಲ್ಲಿ ಒಲೆ, ಫ್ರಿಜ್, ಪಾತ್ರೆ ಇರುತ್ತವೆ, ಕುಟುಂಬಕ್ಕೆ ಅವೇ ಸೂಕ್ತ. ಹೊದಿಕೆ, ಟವೆಲ್ ಸೇರಿದೆಯೇ ಎಂದು ಮೊದಲೇ ಕೇಳಿ. ಕೆಲವು ಕಡೆ ಅವಕ್ಕೆ ಬೇರೆ ಹಣ. ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗಿನ ಶಾಲಾ ರಜೆ, ಈಸ್ಟರ್, ಉದ್ದ ವಾರಾಂತ್ಯಗಳಲ್ಲಿ ಒಂದೇ ರಾತ್ರಿಗೆ ಕೊಡದಿರುವುದೂ ಉಂಟು. ಸ್ವಾಗತ ಕಚೇರಿ ಸಂಜೆಯೇ ಮುಚ್ಚುತ್ತದೆ. ತಡವಾಗುವುದಾದರೆ ಫೋನ್ ಮಾಡಿ ಕೀಲಿ ಎಲ್ಲಿಡುತ್ತಾರೆಂದು ಕೇಳಿಕೊಳ್ಳಿ.

ಹೋಟೆಲುಗಳ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ನಿಲ್ಲುತ್ತದೆ. ಒಂಬತ್ತಕ್ಕೆ ಊಟ ಹುಡುಕುತ್ತಾ ಹೊರಟರೆ ಉಪವಾಸವೇ ಗತಿ. ಸಸ್ಯಾಹಾರಿಗಳಿಗೆ ತರಕಾರಿ ಬರ್ಗರ್, ಪಿಜ್ಜಾ, ಪಾಸ್ತಾ ಸಿಗುತ್ತವೆ. ಆಲೂಗಡ್ಡೆ ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಮೀನು ಕರಿಯುವುದು ಸಾಮಾನ್ಯ, ಕೆಲವೆಡೆ ಅದು ದನದ ಕೊಬ್ಬು. ಕೇಳಿ ತಿಳಿದುಕೊಳ್ಳಿ, ಅವರು ಬೇಸರಿಸದೆ ಹೇಳುತ್ತಾರೆ. ಕ್ಯಾಬಿನ್‌ನಲ್ಲಿ ಒಂದು ಹೊತ್ತು ಅನ್ನ, ಸಾರು ಮಾಡಿಕೊಂಡು, ಬೆಳಿಗ್ಗೆ ಚಿತ್ರಾನ್ನವನ್ನೋ ಮೊಸರನ್ನವನ್ನೋ ಡಬ್ಬಿಗೆ ತುಂಬಿಕೊಂಡರೆ ಆ ದಿನದ ಚಿಂತೆ ಮುಗಿಯಿತು. ಕಡಲ ಪಕ್ಕದ ಪಾರ್ಕುಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟಿರುವ ವಿದ್ಯುತ್ ಬಾರ್ಬೆಕ್ಯೂ ತವಾ ಪುಕ್ಕಟೆ. ಅದರ ಮೇಲೆ ಹಾಳೆ ಹಾಸಿ ಚಪಾತಿ ಬಿಸಿ ಮಾಡಬಹುದು. ನಲ್ಲಿ ನೀರು ಕುಡಿಯಲು ಯೋಗ್ಯ, ಸಾರ್ವಜನಿಕ ಶೌಚಾಲಯ ಪ್ರತಿ ಊರಿನಲ್ಲೂ ಉಂಟು.

ಊರಿನಿಂದ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ದರೆ ವಿಮಾನದಲ್ಲಿ ಕೊಡುವ ಪ್ರವೇಶ ಕಾರ್ಡಿನಲ್ಲಿ ತಿಂಡಿ ಇದೆ ಎಂದು ಹೌದು ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಇವನ್ನು ಒಯ್ಯಲೇಬೇಡಿ.

ಎರಡನೆಯ ದಿನ: ಕಾಡು, ಆಮೇಲೆ ಬಂಡೆಗಳು

ಅಪೋಲೊ ಬೇಯಲ್ಲಿ ಟ್ಯಾಂಕ್ ತುಂಬಿಸಿಯೇ ಹೊರಡಿ. ಇಲ್ಲಿಂದ ರಸ್ತೆ ಕಡಲು ಬಿಟ್ಟು ಆಟ್ವೇ ಕಾಡಿಗೆ ಏರುತ್ತದೆ. ದಾರಿ ತಪ್ಪಿತೇ ಎಂದು ಗಾಬರಿಯಾಗಬೇಡಿ, ಪ್ರಿನ್ಸ್‌ಟೌನ್ ಸಮೀಪಿಸುವವರೆಗೆ ಕಡಲು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕಾಣುತ್ತದೆ. ಸುಮಾರು 17 ಕಿ.ಮೀ. ಆದ ಮೇಲೆ ಮೈಟ್ಸ್ ರೆಸ್ಟ್: 800 ಮೀಟರಿನ ಸುತ್ತು, ಮರದ ಹಲಗೆಯ ಹಾದಿ, ತಲೆಯೆತ್ತರ ಮೀರಿದ ಜರೀಗಿಡಗಳು, ಪಾಚಿ ಹೊದ್ದ ಮುದಿ ಮರಗಳು. ಅರ್ಧ ಗಂಟೆ ಸಾಕು, ವಯಸ್ಸಾದವರೂ ನಡೆಯಬಹುದು. ಮುಂದೆ ಎಡಕ್ಕೆ 12 ಕಿ.ಮೀ. ಹೋದರೆ ಕೇಪ್ ಆಟ್ವೇ ದೀಪಸ್ತಂಭ, 1848ರದು. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಉಳಿದಿರುವ ದೀಪಸ್ತಂಭಗಳಲ್ಲಿ ಇದೇ ಹಳೆಯದು. ಹೋಗುವ ಮೊದಲು ತೆರೆದಿರುವ ಸಮಯ ನೋಡಿಕೊಳ್ಳಿ.

ಅಪೋಲೊ ಬೇಯಿಂದ ಅಪೋಸ್ತಲರವರೆಗೆ 85 ಕಿ.ಮೀ., ನಿಲ್ಲದೆ ಒಂದೂವರೆ ಗಂಟೆ. ಮಧ್ಯಾಹ್ನವೇ ಅಲ್ಲಿಗೆ ಧಾವಿಸಬೇಡಿ. ನೇರ ಪೋರ್ಟ್ ಕ್ಯಾಂಬೆಲ್‌ಗೆ ಹೋಗಿ ಕ್ಯಾಬಿನ್‌ನಲ್ಲಿ ಸಾಮಾನಿಟ್ಟು ಮಲಗಿ ಎದ್ದು, ಬಸ್ಸುಗಳು ಮೆಲ್ಬರ್ನ್ ಕಡೆಗೆ ತಿರುಗಿದ ಮೇಲೆ ಹದಿಮೂರು ಕಿ.ಮೀ. ಹಿಂದಕ್ಕೆ ಬನ್ನಿ. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆ ಇದ್ದರೆ ಸರಿ. ಪಡುವಣದ ಬಂಡೆಗಳು ಬೆಳಕಿಗೆ ಎದುರಾಗಿ ಕಪ್ಪು ಆಕಾರಗಳಾಗಿ ಕಾಣುತ್ತವೆ. ಮೂಡಣಕ್ಕೆ ತಿರುಗಿ ನೋಡಿದರೆ ಗಾಗ್, ಮೇಗಾಗ್ ಎಂದು ಕರೆಯುವ ಜೋಡಿ ಬಂಡೆಗಳ ಮೇಲೆ ಹಳದಿ ಬೆಳಕು ಬಿದ್ದಿರುತ್ತದೆ. ಪಶ್ಚಿಮದ ಬಂಡೆಗಳ ಬಣ್ಣ, ಪದರ ನೋಡಬೇಕಾದರೆ ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ಬನ್ನಿ. ಪೋರ್ಟ್ ಕ್ಯಾಂಬೆಲ್‌ನಲ್ಲಿ ತಂಗುವುದರ ಲಾಭವೇ ಇದು.

ಹೆಸರಿನಲ್ಲಿ ಹನ್ನೆರಡಿದ್ದರೂ ಅಲ್ಲಿ ಅಷ್ಟು ಬಂಡೆ ಎಂದೂ ಇರಲಿಲ್ಲ. ಒಂಬತ್ತಿದ್ದವು, 2005ರ ಜುಲೈನಲ್ಲಿ ಒಂದು ಕುಸಿದು ಎಂಟು ಉಳಿದವು. ಸುಣ್ಣಕಲ್ಲಿನ ದಂಡೆಯನ್ನು ಅಲೆ ಕೊರೆದು ಮೊದಲು ಗವಿ, ಗವಿ ಎರಡೂ ಕಡೆ ತೂತಾಗಿ ಕಮಾನು, ಕಮಾನಿನ ನೆತ್ತಿ ಬಿದ್ದು ಒಂಟಿ ಕಂಬ. ಎಲ್ಲ ಹಂತಗಳನ್ನೂ ಈ ತೀರದಲ್ಲೇ ನೋಡಬಹುದು. ಪೋರ್ಟ್ ಕ್ಯಾಂಬೆಲ್ ಆಚೆಯ ಲಂಡನ್ ಬ್ರಿಡ್ಜ್ ಎರಡು ಕಮಾನಿನ ಸೇತುವೆಯಂತಿತ್ತು. 1990ರ ಜನವರಿ 15ರಂದು ದಡದ ಕಡೆಯ ಕಮಾನು ಕುಸಿದು, ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಯಿತು. ಬೇಲಿ ದಾಟಬೇಡಿ ಎಂಬ ಫಲಕಗಳ ಹಿಂದೆ ಇರುವ ಕಾರಣವಿದು: ಮೇಲೆ ಹುಲ್ಲು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಕಲ್ಲು ಟೊಳ್ಳಾಗಿರಬಹುದು.

ಗಿಬ್ಸನ್ ಸ್ಟೆಪ್ಸ್‌ನಲ್ಲಿ 86 ಮೆಟ್ಟಿಲು ಇಳಿದರೆ ಮರಳಿನಿಂದಲೇ ತಲೆಯೆತ್ತಿ ಬಂಡೆ ನೋಡಬಹುದು. ಉಬ್ಬರದ ಸಮಯ ನೋಡಿಕೊಂಡೇ ಇಳಿಯಿರಿ, ನೀರೇರಿದಾಗ ಮರಳು ಮುಳುಗುತ್ತದೆ. ದಂಡೆಯ ಬುಡಕ್ಕೆ ಒರಗಿ ಕೂರಬೇಡಿ, ಕಲ್ಲು ಉದುರುತ್ತದೆ. ಅಪೋಸ್ತಲರಿಂದ ಮೂರು ಕಿ.ಮೀ. ಆಚೆ ಲಾಕ್ ಆರ್ಡ್ ಗಾರ್ಜ್ ಇದೆ. 1878ರ ಜೂನ್ 1ರಂದು ಲಾಕ್ ಆರ್ಡ್ ಹಡಗು ಒಡೆದು 54 ಜನರಲ್ಲಿ ಟಾಮ್ ಪಿಯರ್ಸ್, ಈವಾ ಕಾರ್ಮೈಕಲ್ ಎಂಬ ಇಬ್ಬರು ಹರೆಯದವರಷ್ಟೇ ಬದುಕಿ ದಡ ಸೇರಿದ್ದು ಈ ಕಮರಿಯಲ್ಲಿ. ಅಪೋಸ್ತಲರ ಬಳಿ ಕಳೆದಷ್ಟೇ ಹೊತ್ತನ್ನು ಇಲ್ಲಿಗೂ ಕೊಡಿ. ಸುತ್ತ ನಡೆಯುವ ಹಾದಿಗಳಲ್ಲಿ ಜನ ಕಡಿಮೆ.

ಈ ಕಡಲು ಈಜುವಂಥದ್ದಲ್ಲ. ಸೆಳವು ಬಲವಾಗಿದೆ, ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ನೀರಿಗಿಳಿಯುವ ಆಸೆಯಿದ್ದರೆ ಟಾರ್ಕಿ, ಲಾರ್ನ್, ಅಪೋಲೊ ಬೇಗಳಲ್ಲಿ ಜೀವರಕ್ಷಕರು ಕೆಂಪು-ಹಳದಿ ಬಾವುಟ ನೆಟ್ಟ ದಿನ, ಆ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ಯಾವಾಗ ಹೋಗಬೇಕು

ಮಾರ್ಚ್ ಮಧ್ಯದಿಂದ ಮೇವರೆಗೆ, ಈಸ್ಟರ್ ವಾರ ಬಿಟ್ಟು, ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಚಳಿ, ಆಗಾಗ ಗುಡ್ಡ ಜರಿದು ರಸ್ತೆ ಬಂದ್. ಆದರೆ ವಾರ್ನಾಂಬೂಲ್‌ನ ಲೋಗನ್ಸ್ ಬೀಚ್‌ನಲ್ಲಿ ಮರಿ ಹಾಕಲು ಬರುವ ತಿಮಿಂಗಿಲಗಳು ಆಗಲೇ ಕಾಣುವುದು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯ. 2015ರ ಕ್ರಿಸ್‌ಮಸ್ ದಿನ ವೈ ರಿವರ್ ಮತ್ತು ಸೆಪರೇಷನ್ ಕ್ರೀಕ್‌ನಲ್ಲಿ 116 ಮನೆಗಳು ಸುಟ್ಟವು. ಇಂಥ ಊರುಗಳಿಗೆ ಹೋಗಿಬರಲು ಇರುವುದು ಇದೊಂದೇ ಮುಖ್ಯ ರಸ್ತೆ. ವಿಕ್‌ಎಮರ್ಜೆನ್ಸಿ ಆ್ಯಪ್ ಹಾಕಿಕೊಂಡು ಪ್ರತಿ ಬೆಳಿಗ್ಗೆ ನೋಡಿ. ಬೆಂಕಿಯ ಅಪಾಯ ಎಲ್ಲಕ್ಕಿಂತ ಮೇಲಿನ ಕಟಾಸ್ಟ್ರೊಫಿಕ್ ಮಟ್ಟ ಎಂದು ಘೋಷಿಸಿದ ದಿನ ಆ ಕಡೆ ಹೊರಡಲೇಬೇಡಿ. ತುರ್ತಿಗೆ 000, ಮೊಬೈಲಿನಿಂದ 112 ಕೂಡ ನಡೆಯುತ್ತದೆ. ಯಾವ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಕಾರಿನಲ್ಲಿರಲಿ. ಜನವರಿಯಲ್ಲೂ ದಕ್ಷಿಣದ ಗಾಳಿ ಬೀಸಿದರೆ ನಡುಕ ಬರುತ್ತದೆ, ಅದೇ ದಿನ ಬಿಸಿಲಿಗೆ ಚರ್ಮವೂ ಸುಡುತ್ತದೆ.

ಮೂರನೆಯ ದಿನ

ಬೆಳಿಗ್ಗೆ ಲಂಡನ್ ಬ್ರಿಡ್ಜ್, ಗ್ರೊಟ್ಟೊ, ಪೀಟರ್‌ಬರೊ ಆಚೆಯ ಬೇ ಆಫ್ ಐಲೆಂಡ್ಸ್ ನೋಡಿ. ಕೊನೆಯದರಲ್ಲಿ ಅಪೋಸ್ತಲರಿಗಿಂತ ಹೆಚ್ಚು ಬಂಡೆಗಳಿವೆ, ನೋಡಲು ಬರುವವರು ಬೆರಳೆಣಿಕೆಯಷ್ಟು. ಅಲನ್ಸ್‌ಫರ್ಡ್‌ನಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಂದ ಎ1 ಹೆದ್ದಾರಿ ಹಿಡಿದು ಕೊಲಾಕ್ ಮೂಲಕ ಮೆಲ್ಬರ್ನ್‌ಗೆ ಮೂರು ಗಂಟೆ. ಬಂದ ದಾರಿಯಲ್ಲೇ ಮರಳುವ ಹಟ ಬೇಡ. ಈ ನೇರ ರಸ್ತೆಯಲ್ಲಿ ನಿದ್ದೆ ಬರುತ್ತದೆ, ಕೊಲಾಕ್‌ನಲ್ಲಿ ಇಳಿದು ಕಾಫಿ ಕುಡಿದು ಚಾಲಕರನ್ನು ಬದಲಿಸಿ. ಕಾರು ಒಪ್ಪಿಸುವ ಮುನ್ನ ಕಾಲಡಿಯ ಮ್ಯಾಟ್‌ನ ಮರಳು ಕೊಡವಿ, ನಿಲ್ದಾಣದ ಹತ್ತಿರ ಪೆಟ್ರೋಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ನಾಲ್ಕೂ ಬದಿಯ ಮತ್ತು ಮೀಟರಿನ ಫೋಟೋ ತೆಗೆದುಕೊಳ್ಳಿ. ಟೋಲ್ ಅಥವಾ ದಂಡದ ಕಡಿತ ಕೆಲವು ವಾರಗಳ ನಂತರವೂ ಕಾರ್ಡಿಗೆ ಬರಬಹುದು, ಅಲ್ಲಿಯವರೆಗೆ ಒಪ್ಪಂದದ ಪ್ರತಿಯನ್ನು ಎಸೆಯಬೇಡಿ.